ಎಫ್‌ಪಿಯು ಇಲ್ಲದ ಪ್ರೊಸೆಸರ್‌ನಲ್ಲಿ ದಶಮಾಂಶದ ಲೆಕ್ಕ

ಪ್ರಶ್ನೆ: ನಮ್ಮ ಉಪಕರಣದಲ್ಲಿ ಎಫ್‌ಪಿಯು (ದಶಮಾಂಶ ಸಂಖ್ಯೆಗಳ ಲೆಕ್ಕಕ್ಕೆಂದೇ ಇರುವ ಯಂತ್ರಾಂಶ) ಇಲ್ಲದ ಎಆರ್‌ಎಂ926 ಪ್ರೊಸೆಸರ್ ಮೇಲೆ ಲಿನಕ್ಸ್ ನಡೆಯುತ್ತಿದೆ. 12 ಬಿಟ್ ಎಡಿಸಿಯಿಂದ (ಅನಲಾಗ್ ಸಂಕೇತವನ್ನು ಅಂಕಿಯಾಗಿ ಬದಲಿಸುವ ಭಾಗ) ಬರುವ ಅಳತೆಗಳನ್ನು ಸರಾಗಗೊಳಿಸಲು, ಹೊಸ ಅಳತೆಗೂ ಹಿಂದಿನ ಫಲಿತಾಂಶಕ್ಕೂ ಇರುವ ವ್ಯತ್ಯಾಸದ 0.1 ಭಾಗವನ್ನು ಪ್ರತಿಸಲ ಕೂಡಿಸುವ ಫಿಲ್ಟರ್ ಬರೆದಿದ್ದೇವೆ. ಅದು ತೀರಾ ನಿಧಾನ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಫ್ಲೋಟಿಂಗ್ ಪಾಯಿಂಟ್ ಎಮ್ಯುಲೇಶನ್ (ದಶಮಾಂಶ ಲೆಕ್ಕದ ಯಂತ್ರಾಂಶವನ್ನು ಅನುಕರಿಸುವ ತಂತ್ರಾಂಶ) ಸೇರಿಸಿದರೆ ವೇಗ ಹೆಚ್ಚೀತೆ?

ಉತ್ತರ: ಹೆಚ್ಚುವುದಿಲ್ಲ. ಕರ್ನಲ್‌ನಲ್ಲಿರುವ ನೆಟ್‌ವೈಂಡರ್ ಎಮ್ಯುಲೇಟರ್ ಅನುಕರಿಸುವುದು ಎಫ್‌ಪಿಎ ಎಂಬ ಹಳೆಯ ಕೋಪ್ರೊಸೆಸರ್‌ನ ಇನ್‌ಸ್ಟ್ರಕ್ಷನ್‌ಗಳನ್ನು. ಎಆರ್‌ಎಂ ಪ್ರೋಗ್ರಾಮ್‌ಗಳಿಗೆ ಈಗ ಬಳಕೆಯಲ್ಲಿರುವ ಇಎಬಿಐ ಪದ್ಧತಿಯಲ್ಲಿ ಕಂಪೈಲ್ ಆದ ಪ್ರೋಗ್ರಾಮ್‌ಗಳಲ್ಲಿ ಅವು ಇರುವುದೇ ಇಲ್ಲ. ಇದ್ದಿದ್ದರೂ ಅಂಥ ಇನ್‌ಸ್ಟ್ರಕ್ಷನ್ ಎದುರಾದಾಗಲೆಲ್ಲ ಪ್ರೊಸೆಸರ್ ಕೆಲಸ ನಿಲ್ಲಿಸಿ ಕರ್ನಲ್‌ಗೆ ಹೋಗಿ ಬರಬೇಕಾಗಿತ್ತು. ಸಾಫ್ಟ್-ಫ್ಲೋಟ್ ಆಗಿ, ಅಂದರೆ ದಶಮಾಂಶ ಲೆಕ್ಕವನ್ನು ತಂತ್ರಾಂಶಕ್ಕೇ ಬಿಟ್ಟು ಕಂಪೈಲ್ ಮಾಡಿದಾಗ ಜಿಸಿಸಿ ಕಂಪೈಲರ್‌ನ ಲೈಬ್ರರಿಯಾದ ಲಿಬ್‌ಜಿಸಿಸಿಯ ಫಂಕ್ಷನ್‌ಗಳು ಅದೇ ಲೆಕ್ಕವನ್ನು ಪ್ರೋಗ್ರಾಮಿನೊಳಗೇ ಮಾಡಿ ಮುಗಿಸುತ್ತವೆ, ಆದ್ದರಿಂದ ಆ ದಾರಿಯೇ ಮೇಲು.

ಮೊದಲು ಒಂದು ಸಣ್ಣ ತಿದ್ದುಪಡಿ ಮಾಡಿ ನೋಡಿ. ಸಿ ಭಾಷೆಯಲ್ಲಿ 0.1 ಎಂದಷ್ಟೇ ಬರೆದರೆ ಅದು ಡಬಲ್ (64 ಬಿಟ್‌ನ ದಶಮಾಂಶ ಸಂಖ್ಯೆ) ಆಗುತ್ತದೆ, ತನ್ನ ಜೊತೆಗಿರುವ 32 ಬಿಟ್‌ನ ಫ್ಲೋಟ್ ಅನ್ನೂ ಡಬಲ್ ಲೆಕ್ಕಕ್ಕೆ ಎಳೆಯುತ್ತದೆ. ಸಂಖ್ಯೆಯ ಕೊನೆಗೆ ಎಫ್ ಅಕ್ಷರ ಸೇರಿಸಿ 0.1f ಎಂದು ಬರೆದರೆ ಈ ದುಂದು ತಪ್ಪುತ್ತದೆ. ಎಲ್ಲೆಲ್ಲಿ ಹೀಗಾಗಿದೆ ಎಂಬುದನ್ನು ಜಿಸಿಸಿಯ ಡಬಲ್-ಪ್ರಮೋಷನ್ ಎಚ್ಚರಿಕೆ ತೋರಿಸಿಕೊಡುತ್ತದೆ.

ಅದೂ ಸಾಲದಿದ್ದರೆ ಫಿಕ್ಸೆಡ್ ಪಾಯಿಂಟ್‌ಗೆ, ಅಂದರೆ ದಶಮಾಂಶವನ್ನು ಒಂದು ನಿಗದಿತ ಸಂಖ್ಯೆಯಿಂದ ಗುಣಿಸಿ ಪೂರ್ಣಾಂಕದಲ್ಲೇ ಲೆಕ್ಕ ಮಾಡುವ ವಿಧಾನಕ್ಕೆ ಬನ್ನಿ. 0.1 ಅನ್ನು 32768ರಿಂದ ಗುಣಿಸಿದರೆ ಸುಮಾರು 3277 ಬರುತ್ತದೆ. ವ್ಯತ್ಯಾಸವನ್ನು ಈ ಸಂಖ್ಯೆಯಿಂದ ಗುಣಿಸಿ 15 ಬಿಟ್ ಬಲಕ್ಕೆ ಸರಿಸಿದರೆ (ಅಂದರೆ 32768ರಿಂದ ಭಾಗಿಸಿದರೆ) ಆಯಿತು. ಆದರೆ ಇಲ್ಲಿ ಅನೇಕರು ಮುಗ್ಗರಿಸುತ್ತಾರೆ, ಆದ್ದರಿಂದ ನಿಧಾನವಾಗಿ ಗಮನಿಸಿ: ವ್ಯತ್ಯಾಸ 9 ಇದ್ದರೆ ಗುಣಲಬ್ಧ 29493, ಅದು 32768ಕ್ಕಿಂತ ಕಡಿಮೆಯಾದ್ದರಿಂದ ಸರಿಸಿದ ಮೇಲೆ ಉಳಿಯುವುದು ಸೊನ್ನೆ, ಅಂದರೆ ಫಲಿತಾಂಶ ನಿಜವಾದ ಅಳತೆಗಿಂತ 9 ಅಂಕ ಕೆಳಗೆ ನಿಂತು ಅಲ್ಲಿಂದ ಮೇಲೇಳುವುದೇ ಇಲ್ಲ. ಇಳಿಯುವಾಗ ಹೀಗಾಗದು, ಏಕೆಂದರೆ ಜಿಸಿಸಿಯಲ್ಲಿ ಋಣಸಂಖ್ಯೆಯನ್ನು ಬಲಕ್ಕೆ ಸರಿಸಿದಾಗ ಅದು ಕೆಳಮುಖವಾಗಿಯೇ ಪೂರ್ಣಾಂಕವಾಗುತ್ತದೆ. ಹೀಗಾಗಿ ದೋಷ ಒಂದೇ ಕಡೆಗೆ ವಾಲುತ್ತದೆ, ಸರಾಸರಿ ತೆಗೆದರೂ ಹೋಗುವುದಿಲ್ಲ.

ಇದಕ್ಕೆ ಪರಿಹಾರವೆಂದರೆ ಫಿಲ್ಟರ್‌ನ ಹಿಂದಿನ ಫಲಿತಾಂಶವನ್ನು ಪೂರ್ಣಾಂಕವಾಗಿ ಇಡದೆ, 16 ಬಿಟ್ ಭಿನ್ನಭಾಗವನ್ನೂ ಸೇರಿಸಿ 28 ಬಿಟ್‌ನ ಸಂಖ್ಯೆಯಾಗಿ ಉಳಿಸಿಕೊಳ್ಳುವುದು. ಆಗ ಗುಣಲಬ್ಧ 32 ಬಿಟ್ ಮೀರುವುದರಿಂದ ಗುಣಿಸುವ ಮುನ್ನವೇ ಒಂದು ಸಂಖ್ಯೆಯನ್ನು 64 ಬಿಟ್‌ಗೆ ಬದಲಿಸಬೇಕು. ಎರಡು 32 ಬಿಟ್ ಸಂಖ್ಯೆಗಳಿಂದ 64 ಬಿಟ್ ಗುಣಲಬ್ಧ ಕೊಡುವ ಇನ್‌ಸ್ಟ್ರಕ್ಷನ್ ನಿಮ್ಮ ಪ್ರೊಸೆಸರ್‌ನಲ್ಲೇ ಇರುವುದರಿಂದ ಇದು ದುಬಾರಿಯಲ್ಲ. ಭಾಗಾಕಾರಕ್ಕೆ ಅಂಥ ಇನ್‌ಸ್ಟ್ರಕ್ಷನ್ ಇಲ್ಲ, ಲೂಪ್ ಒಳಗೆ ಅದನ್ನು ತಪ್ಪಿಸಿ.

ಸೆಕೆಂಡಿಗೊಮ್ಮೆ ಪರದೆಯ ಮೇಲೆ ತೋರಿಸುವ ಲೆಕ್ಕವನ್ನು ಮಾತ್ರ ಫ್ಲೋಟ್‌ನಲ್ಲೇ ಬಿಡಿ.