ಡೈರೆಕ್ಟರಿಯಲ್ಲಿ ನಮ್ಮ ವೆಬ್‌ಸೈಟ್ ಯಾಕೆ ಬರುತ್ತಿಲ್ಲ?

ಪ್ರಶ್ನೆ: ಕಾಫಿ ತೋಟದೊಳಗೆ ಹೋಮ್‌ಸ್ಟೇ ನಡೆಸುತ್ತೇವೆ. ಸ್ವಯಂಸೇವಕರೇ ನಡೆಸುವ ಒಂದು ವೆಬ್ ಡೈರೆಕ್ಟರಿಗೆ (ವಿಷಯವಾರು ಜೋಡಿಸಿದ ವೆಬ್‌ಸೈಟ್‌ಗಳ ಪಟ್ಟಿಗೆ) ನಮ್ಮ ವೆಬ್‌ಸೈಟ್ ವಿಳಾಸ ಕೊಟ್ಟು ವರ್ಷವಾಗುತ್ತ ಬಂತು. ತಿಂಗಳಿಗೊಮ್ಮೆ ಮತ್ತೆ ಕಳಿಸುತ್ತಲೇ ಇದ್ದೇವೆ. ಸೇರಿಸಿದೆವು ಎಂದೂ ಇಲ್ಲ, ಆಗದು ಎಂದೂ ಇಲ್ಲ. ಯಾರನ್ನು ಕೇಳುವುದು?
– ಓದುಗರು, ನಾಪೋಕ್ಲು

ಉತ್ತರ: ಮೊದಲು ಆ ತಿಂಗಳಿಗೊಮ್ಮೆ ಕಳಿಸುವುದನ್ನು ನಿಲ್ಲಿಸಿ. ಇಂಥ ಡೈರೆಕ್ಟರಿಗಳಲ್ಲಿ ಮರುಸಲ್ಲಿಕೆ ಮಾಡಿದರೆ ಹಳೆಯ ಅರ್ಜಿ ಅಳಿದು ಹೊಸ ತಾರೀಖು ಬೀಳಬಹುದು. ತಾರೀಖಿನ ಪ್ರಕಾರ ನೋಡುವ ಸಂಪಾದಕರಿದ್ದರೆ ನೀವು ಪ್ರತಿ ಸಲವೂ ಸಾಲಿನ ಕೊನೆಗೇ ಹೋಗಿ ನಿಲ್ಲುತ್ತೀರಿ. ಹಾಗೆ ನೋಡಿದರೆ ಅದು ಸಾಲೂ ಅಲ್ಲ. ಸಂಪಾದಕರು ಬಿಡುವಾದಾಗ ಬಂದು, ಇಷ್ಟವಾದ ವಿಭಾಗ ತೆರೆದು, ತಾವೇ ಹುಡುಕಿದ ತಾಣವನ್ನು ಸೇರಿಸಿ ಹೋಗಬಹುದು. ನಿಮ್ಮ ಅರ್ಜಿ ನೋಡಲೇಬೇಕೆಂಬ ಗಡುವು ಅವರಿಗಿಲ್ಲ.

ಎರಡನೆಯ ಕಾರಣ ವಿಭಾಗ. 'ಪ್ರವಾಸ' ಎಂಬ ದೊಡ್ಡ ವಿಭಾಗಕ್ಕೆ ಕಳಿಸಿದ್ದರೆ, ಅಲ್ಲಿನವರು ಅದನ್ನು ಭಾರತ, ಕರ್ನಾಟಕ ಎಂದು ಕೆಳಗೆ ದಾಟಿಸಬೇಕು. ಅಲ್ಲಿ ಮತ್ತೆ ಕಾಯುವುದು. ನಿಮ್ಮ ಊರಿಗೆ ಅತಿ ಹತ್ತಿರದ, ಅತಿ ಕೆಳಗಿನ ವಿಭಾಗಕ್ಕೇ ನೇರ ಕೊಡಿ.

ವಿವರಣೆಯಲ್ಲಿ 'ಕೊಡಗಿನ ನಂಬರ್ ಒನ್', 'ಸ್ವರ್ಗಸದೃಶ' ಎಂದೆಲ್ಲ ಬರೆದಿದ್ದರೆ ಸಂಪಾದಕರು ಕೂತು ತಿದ್ದಬೇಕು, ಹಾಗಾಗಿ ಪಕ್ಕಕ್ಕಿಡುತ್ತಾರೆ. 'ನಾಪೋಕ್ಲು ಸಮೀಪದ ತೋಟದ ಮನೆಯಲ್ಲಿ ವಾಸ್ತವ್ಯ. ಕೋಣೆಗಳ ಚಿತ್ರ, ದರ, ಊಟದ ವಿವರ, ದಾರಿ' – ಇಷ್ಟು ಸಾಕು. ವೆಬ್‌ಸೈಟ್‌ನಲ್ಲಿ ಅಷ್ಟೂ ಇರಬೇಕು, 'ಶೀಘ್ರದಲ್ಲೇ ಬರಲಿದೆ' ಎಂಬ ಪುಟ ಒಂದೂ ಇರಬಾರದು.

ಪ್ರಶ್ನೆ: ನಮ್ಮ ಜೇನು, ಕರಿಮೆಣಸಿನ ಅಂಗಡಿಯ ತಾಣ ಮೊದಲು ಪಟ್ಟಿಯಲ್ಲಿತ್ತು. ಈಗ ಕಾಣೆ. ಪ್ರತಿಸ್ಪರ್ಧಿಯೇ ಸಂಪಾದಕನಾಗಿ ತೆಗೆಸಿರಬಹುದೇ?
– ಓದುಗರು, ವಿರಾಜಪೇಟೆ

ಉತ್ತರ: ಇರಬಹುದು, ಆದರೆ ಅದಕ್ಕೂ ಮೊದಲು ನಿಮ್ಮ ಡೊಮೈನ್ (ವೆಬ್‌ಸೈಟ್ ಹೆಸರು) ನವೀಕರಿಸಿದ ರಸೀದಿ ನೋಡಿ. ಡಿಮೋಜ್ ಎಂಬ ಹಳೆಯ ಸ್ವಯಂಸೇವಕ ಡೈರೆಕ್ಟರಿಯಲ್ಲಿ ರೋಬೋಜಿಲ್ಲಾ ಎಂಬ ತಂತ್ರಾಂಶ ಆಗಾಗ ಲಿಂಕ್‌ಗಳನ್ನು ತಟ್ಟಿ ನೋಡುತ್ತಿತ್ತು. ತೆರೆಯದ್ದಕ್ಕೆ ಗುರುತು ಹಾಕುತ್ತಿತ್ತು. ಮಳೆಗಾಲದಲ್ಲಿ ವ್ಯಾಪಾರವಿಲ್ಲವೆಂದು ಡೊಮೈನ್ ನವೀಕರಣ ಮುಂದೂಡಿದರೆ ತಾಣ ತೆರೆಯದು, ಪಟ್ಟಿಯಿಂದಲೂ ಹೋಗಬಹುದು. ಡಾಟ್ ಕಾಮ್ ಹೆಸರು ಅವಧಿ ಮುಗಿದು ರದ್ದಾದ ಮೇಲೂ 30 ದಿನ ಹೆಚ್ಚು ಶುಲ್ಕ ತೆತ್ತು ಬಿಡಿಸಿಕೊಳ್ಳಬಹುದು. ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು.

ಡೊಮೈನ್ ಸರಿಯಿದ್ದರೆ, ದುರುಪಯೋಗದ ದೂರು ಕೊಡುವ ಕೊಂಡಿ ಇದೆಯೇ ಎಂದು ಡೈರೆಕ್ಟರಿಯಲ್ಲೇ ಹುಡುಕಿ. ಪುಟದ ವಿಳಾಸ, ಮೊದಲಿದ್ದ ವಿವರಣೆ, ಕಾಣೆಯಾದ ಅಂದಾಜು ದಿನ ಬರೆಯಿರಿ, ಬೈಗುಳ ಬೇಡ. ಉಚಿತ ಡೈರೆಕ್ಟರಿಯಲ್ಲಿ 'ಸೇರಿಸಿಕೊಡುತ್ತೇನೆ' ಎಂದು ಹಣ ಕೇಳಿದವರಿಗೆ ಒಂದು ಕಾಸೂ ಕೊಡಬೇಡಿ.

ಪ್ರಶ್ನೆ: ಇಷ್ಟೆಲ್ಲ ಒದ್ದಾಟಕ್ಕೆ ಈಗಲೂ ಬೆಲೆಯಿದೆಯೇ?
– ಓದುಗರು, ಸೋಮವಾರಪೇಟೆ

ಉತ್ತರ: ಬಹಳ ಇಲ್ಲ. ಡಿಮೋಜ್ 1998ರಲ್ಲಿ ಹುಟ್ಟಿತು. ಅದರ ಮಾಹಿತಿಯನ್ನು ಗೂಗಲ್ ತನ್ನ ಡೈರೆಕ್ಟರಿಗೆ ಬಳಸುತ್ತಿದ್ದ ಕಾಲದಲ್ಲಿ ಅಲ್ಲೊಂದು ಸಾಲು ಸಿಕ್ಕರೆ ಲಾಭವಿತ್ತು. ಗೂಗಲ್ ಡೈರೆಕ್ಟರಿ 2011ರಲ್ಲಿ, ಯಾಹೂ ಡೈರೆಕ್ಟರಿ 2014ರ ಕೊನೆಗೆ, ಡಿಮೋಜ್ 2017ರ ಮಾರ್ಚ್‌ನಲ್ಲಿ ಮುಚ್ಚಿದವು. ಡಿಮೋಜ್‌ನ ಸಂಪಾದಕರಲ್ಲಿ ಕೆಲವರು ಅದನ್ನೇ ಕರ್ಲಿ ಎಂಬ ಹೆಸರಿನಲ್ಲಿ ಮುಂದುವರಿಸಿದ್ದಾರೆ. ಅಲ್ಲಿಗೆ ಒಮ್ಮೆ ಸರಿಯಾಗಿ ಅರ್ಜಿ ಕೊಟ್ಟು ಮರೆತುಬಿಡಿ.

ಸಮಯವಿದ್ದರೆ ಅದನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಆನ್‌ಲೈನ್ ನಕ್ಷೆಗೆ ಕೊಡಿ. ಅದೂ ಸ್ವಯಂಸೇವಕರದೇ, ಆದರೆ ಒಪ್ಪಿಗೆಗೆ ಕಾಯಬೇಕಿಲ್ಲ. ಖಾತೆ ತೆರೆದು ನೀವೇ ಸೇರಿಸಬಹುದು. ಅದರ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತದೆ, ಘಟ್ಟದ ದಾರಿಯಲ್ಲಿ ಸಿಗ್ನಲ್ ಹೋದ ಅತಿಥಿಗಳಿಗೆ ಬೇಕಾದ್ದು ಅದೇ. ಮನೆಯನ್ನಷ್ಟೇ ಗುರುತಿಸಿದರೆ ಸಾಲದು: ಟಾರು ರಸ್ತೆಯಿಂದ ಗೇಟಿನವರೆಗೆ, ಗೇಟಿನಿಂದ ಅಂಗಳದವರೆಗೆ ದಾರಿಯನ್ನೂ ಎಳೆಯಿರಿ. ಇಲ್ಲವಾದರೆ ನಕ್ಷೆ ಅತಿಥಿಯನ್ನು ತೋಟದ ಹಿಂಬದಿಯ ರಸ್ತೆಗೆ ತಂದು ನಿಲ್ಲಿಸುತ್ತದೆ. ಹೆಸರಿನ ಜಾಗದಲ್ಲಿ ಹೆಸರು ಮಾತ್ರ. ಜಾಹೀರಾತು ಸೇರಿಸಿದರೆ ಇತರರು ಅಳಿಸುತ್ತಾರೆ. ಗೂಗಲ್ ನಕ್ಷೆಯಿಂದ ನಕಲು ಮಾಡುವಂತಿಲ್ಲ, ಅದು ಹಕ್ಕುಸ್ವಾಮ್ಯದ ಉಲ್ಲಂಘನೆ. ಗೇಟಿನಲ್ಲಿ ನಿಂತು ಫೋನಿನ ಜಿಪಿಎಸ್‌ನಿಂದಲೇ ತೆಗೆದುಕೊಳ್ಳಿ. ಸಿಲ್ವರ್ ಓಕ್ ನೆರಳಿನಡಿ ಅದು ಅಲೆದಾಡುತ್ತದೆ. ನೀಲಿ ಚುಕ್ಕೆಯ ಸುತ್ತಲಿನ ವೃತ್ತ ಕಿರಿದಾಗುವವರೆಗೆ ತಡೆದು ಆಮೇಲೆ ಗುರುತು ಹಾಕಿ.