1200 ಕ್ಯಾಲರಿ ಎಲ್ಲರಿಗೂ ಯಾಕೆ ಹೊಂದುವುದಿಲ್ಲ?

ಪ್ರಶ್ನೆ: ನನಗೆ 42 ವರ್ಷ. ಎತ್ತರ 158 ಸೆಂ.ಮೀ., ತೂಕ 74 ಕೆ.ಜಿ. ಬದಿಯಡ್ಕದ ಹತ್ತಿರ ಅಡಿಕೆ ತೋಟದ ಮನೆ, ಸಸ್ಯಾಹಾರಿಗಳು. ಅಡುಗೆ, ದನದ ಕೆಲಸ ಎಲ್ಲ ನನ್ನದೇ. ಮಗಳು ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಾಳೆ. ವಾರಕ್ಕೆ ಒಂದು ಕೆ.ಜಿ. ಇಳಿಯಬೇಕು ಅಂತ ಒತ್ತಿದೆವು. ದಿನಕ್ಕೆ 1200 ಕ್ಯಾಲರಿ ಅಂತ ಬಂತು. ಸಂಜೆಯಾದರೆ ತಲೆನೋವು, ಸಿಟ್ಟು. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಪ್ಪಳದ ಡಬ್ಬಿಗೆ ಕೈ ಹೋಗುತ್ತದೆ. ಅತ್ತೆ, "ಕುಚ್ಚಿಲಕ್ಕಿ ಗಂಜಿ ಉಣ್ಣುವವರಿಗೆ ಎಂಥ ಲೆಕ್ಕ?" ಅನ್ನುತ್ತಾರೆ. ಐದು ಜನಕ್ಕೆ ತಿಂಗಳಿಗೆ ಐದು ಲೀಟರ್ ತೆಂಗಿನೆಣ್ಣೆ ಬೇಕಾಗುತ್ತದೆ. ನನಗೆ ಸರಿಯಾದ ಲೆಕ್ಕ ಎಷ್ಟು?

ಉತ್ತರ: ಮೊದಲು ಆ 1200 ಎಲ್ಲಿಂದ ಬಂತು ಅಂತ ನೋಡೋಣ. ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7700 ಕ್ಯಾಲರಿ ಇದೆ. ವಾರಕ್ಕೆ ಒಂದು ಕೆ.ಜಿ. ಇಳಿಯಬೇಕಾದರೆ ದಿನಕ್ಕೆ 1100 ಕಡಿಮೆ ತಿನ್ನಬೇಕು. ನಿಮ್ಮ ಮೈ ದಿನಕ್ಕೆ ಖರ್ಚು ಮಾಡುವ ಕ್ಯಾಲರಿಯಲ್ಲಿ ಅಷ್ಟು ಕಳೆದರೆ ಉಳಿಯುವುದು 800ರ ಹತ್ತಿರ. ಹೆಂಗಸರಿಗೆ 1200ಕ್ಕಿಂತ ಕೆಳಗೆ ಹೇಳಬಾರದು ಅಂತ ಅನೇಕ ಆ್ಯಪ್‌ಗಳಲ್ಲಿ ಒಂದು ತಡೆ ಹಾಕಿರುತ್ತಾರೆ. ಅದಕ್ಕೇ ಅದು ಅಲ್ಲಿಗೆ ನಿಂತಿತು. ಅಂದರೆ 1200 ನಿಮ್ಮ ಮೈಗೆ ಹಾಕಿದ ಲೆಕ್ಕವೇ ಅಲ್ಲ. ಆತುರ ಮಾಡುವ ಎಲ್ಲರಿಗೂ ಅದೇ ಉತ್ತರ ಸಿಗುತ್ತದೆ.

ನಿಮ್ಮ ಲೆಕ್ಕ ಕಾಗದದ ಮೇಲೆ ಮಾಡಬಹುದು. ತೂಕವನ್ನು 10ರಿಂದ ಗುಣಿಸಿ: 740. ಎತ್ತರವನ್ನು 6.25ರಿಂದ ಗುಣಿಸಿ: 987. ಎರಡನ್ನೂ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ, ಅಂದರೆ 210. ಹೆಂಗಸರು ಇನ್ನೂ 161 ಕಳೆಯಬೇಕು. (ಗಂಡಸರು 161 ಕಳೆಯುವ ಬದಲು 5 ಕೂಡಿಸಬೇಕು.) ಸುಮಾರು 1350 ಸಿಗುತ್ತದೆ. ಸುಮ್ನೆ ಮಲಗಿದ್ದರೂ ಮೈ ಖರ್ಚು ಮಾಡುವುದು ಇಷ್ಟು. ಈ ಸೂತ್ರಕ್ಕೆ ಮಿಫ್ಲಿನ್-ಸೇಂಟ್ ಜಿಯೋರ್ ಅಂತ ಹೆಸರು. ಈಗ ಇದನ್ನು ಕೆಲಸಕ್ಕೆ ತಕ್ಕಂತೆ ಗುಣಿಸಬೇಕು. ಕೂತೇ ಇರುವವರಿಗೆ 1.2, ಸ್ವಲ್ಪ ಓಡಾಟ ಇದ್ದವರಿಗೆ 1.375, ಒಳ್ಳೆ ದುಡಿಮೆ ಇದ್ದವರಿಗೆ 1.55.

ಇಲ್ಲೇ ಎಲ್ಲರೂ ಜಾರುವುದು. ಅಡಿಕೆ ಹೆಕ್ಕಿ ಅಂಗಳದಲ್ಲಿ ಹರಡುವ ತಿಂಗಳುಗಳಲ್ಲಿ ನಿಮಗೆ 1.55 ಸಲ್ಲುತ್ತದೆ, ಸುಮಾರು 2100 ಕ್ಯಾಲರಿ. ಅದೇ ಆಟಿ ತಿಂಗಳ ಮಳೆಯಲ್ಲಿ ಹಟ್ಟಿಗೆ ಹೋಗಿ ಬಂದರೆ ಮುಗಿಯಿತು. ಆಗ 1.375 ಹಾಕಿದರೆ ಸಾಕು, ಸುಮಾರು 1850. ಹಪ್ಪಳ, ಸಾಂತಣಿ ಡಬ್ಬಿಯಿಂದ ಹೊರಗೆ ಬರುವುದೂ ಆಗಲೇ, ಅಲ್ವಾ? ಹಾಗಾಗಿ ಈ ಸಣ್ಣ ಅಂಕೆಯನ್ನೇ ಹಿಡಿಯಿರಿ. ಅದರಲ್ಲಿ 400 ಕಳೆಯಿರಿ. ನಿಮ್ಮ ಗುರಿ ದಿನಕ್ಕೆ 1450. ತಿಂಗಳಿಗೆ ಒಂದೂವರೆ ಕೆ.ಜಿ. ಇಳಿದರೆ ಸಾಕು. ಮೊದಲ ಗುರಿಯಾಗಿ ಈಗಿನ ತೂಕದ ನೂರಕ್ಕೆ 5 ಭಾಗ, ಅಂದರೆ 4 ಕೆ.ಜಿ.ಗೆ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಅಷ್ಟು ಇಳಿದರೂ ಬಿ.ಪಿ.ಗೆ, ಸಕ್ಕರೆಗೆ ಒಳ್ಳೆಯದೇ.

1450ರಲ್ಲಿ ಏನೇನು ಹಿಡಿಯುತ್ತದೆ? ಹಸಿ ಅಳತೆಯಲ್ಲಿ ಹೇಳುತ್ತೇನೆ, ಬೇಯಿಸಿದ ಮೇಲೆ ನೀರಿನ ಲೆಕ್ಕ ಗೊಂದಲ ಮಾಡುತ್ತದೆ. ಇಡೀ ದಿನಕ್ಕೆ ಅಕ್ಕಿ 120 ಗ್ರಾಂ, ನೀರುದೋಸೆಯದ್ದೂ ಸೇರಿ. ಹೆಸರು, ಹುರುಳಿ, ಕಡಲೆ, ತೊಗರಿಬೇಳೆ ಎಲ್ಲ ಸೇರಿ 90 ಗ್ರಾಂ. ಎಣ್ಣೆ 20 ಮಿ.ಲೀ. ತೆಂಗಿನತುರಿ 40 ಗ್ರಾಂ. ಹಾಲು, ಮೊಸರು ಸೇರಿ 400 ಮಿ.ಲೀ., ಚಹಾದ ಹಾಲೂ ಇದರಲ್ಲೇ. ತರಕಾರಿ 400 ಗ್ರಾಂ, ಒಂದು ಹಣ್ಣು. ಪ್ರೋಟೀನ್ 50 ಗ್ರಾಂನ ಆಸುಪಾಸು ಸಿಗುತ್ತದೆ. ಬೇಳೆಕಾಳು ಇಷ್ಟೊಂದಾ ಅನ್ನಿಸಬಹುದು. ಹೊಟ್ಟೆ ತುಂಬಿದ ಹಾಗೆ ಇರುವುದು ಅದರಿಂದಲೇ. ಅನ್ನ ಕಡಿಮೆ ಮಾಡಿ ಆ ಜಾಗ ಖಾಲಿ ಬಿಟ್ಟರೆ ರಾತ್ರಿ ಹಪ್ಪಳ ಬಂದು ತುಂಬುತ್ತದೆ.

ಈ ಪಟ್ಟಿಯಲ್ಲಿ ಸಕ್ಕರೆಗೆ ಜಾಗ ಇಲ್ಲ, ನೋಡಿ. ಎರಡು ಚಮಚ ಸಕ್ಕರೆ, ಅರ್ಧ ಲೋಟ ಹಾಲು ಹಾಕಿದ ಒಂದು ಚಹಾಕ್ಕೆ 100 ಕ್ಯಾಲರಿಯ ಹತ್ತಿರ. ಬೆಳಿಗ್ಗೆ ಒಂದು, ಕೆಲಸದವರಿಗೆ ಮಾಡುವಾಗ ಒಂದು, ಸಂಜೆ ಒಂದು, ಯಾರಾದರೂ ಬಂದರೆ ಇನ್ನೊಂದು. ನೀವು ಕಳೆಯಬೇಕಾದ 400 ಅಲ್ಲೇ ಇದೆ.

ಅತ್ತೆಯವರ ಮಾತು ಅರ್ಧ ಸರಿ. ಗಂಜಿಯಲ್ಲಿ ನೀರು ಜಾಸ್ತಿ, ಬೇಗ ಹೊಟ್ಟೆ ತುಂಬುತ್ತದೆ. ಆದರೆ 100 ಗ್ರಾಂ ಅಕ್ಕಿಗೆ ಕುಚ್ಚಿಲಾದರೂ ಬೆಳ್ತಿಗೆಯಾದರೂ 350 ಕ್ಯಾಲರಿಯ ಆಸುಪಾಸೇ. ಅನ್ನಕ್ಕಿಂತ ನಿಮ್ಮ ಮನೆಯ ದೊಡ್ಡ ವಿಷಯ ಎಣ್ಣೆ. ಐದು ಜನಕ್ಕೆ ಐದು ಲೀಟರ್ ಅಂದರೆ ಒಬ್ಬೊಬ್ಬರಿಗೆ ದಿನಕ್ಕೆ 33 ಮಿ.ಲೀ., ಸುಮಾರು 275 ಕ್ಯಾಲರಿ. ತೆಂಗಿನೆಣ್ಣೆ ಮನೆಯದ್ದು, ಶುದ್ಧ, ಎಲ್ಲ ಸರಿ. ಕ್ಯಾಲರಿಯಲ್ಲಿ ಮಾತ್ರ ಅದೂ ಬೇರೆ ಎಣ್ಣೆಯ ಹಾಗೇ, ಗ್ರಾಂಗೆ 9. ತಿಂಗಳಿಗೆ ಮೂರು ಲೀಟರ್ ಮಾತ್ರ ಹೊರಗೆ ತೆಗೆದಿಡಿ. ದಿನಾ ಚಮಚ ಹಿಡಿದು ಅಳೆಯುವುದಕ್ಕಿಂತ ಇದು ಸುಲಭ, ಮನೆಯವರಿಗೆಲ್ಲ ಲಾಭ. ಕಾಯಿ ಹಾಕುವ ದಿನ ಒಂದೇ ಪದಾರ್ಥಕ್ಕೆ ಹಾಕಿ. ಕಾಯಿರಸ ಇದ್ದರೆ ಪಲ್ಯಕ್ಕೆ ತುರಿ ಬೇಡ. ಸಾರು, ಬೋಳುಹುಳಿ, ತೆಳ್ಳಗಿನ ತಂಬುಳಿ ಇದ್ದೇ ಇವೆಯಲ್ಲ.

ಸೂತ್ರದ ಅಂಕೆ ಬರೀ ಅಂದಾಜು. ನಿಜ ಹೇಳುವುದು ತೂಕದ ಯಂತ್ರ. ವಾರಕ್ಕೆ ಎರಡು ಮೂರು ದಿನ, ಬೆಳಿಗ್ಗೆ ಏನೂ ತಿನ್ನುವ ಮೊದಲು ನೋಡಿ ಬರೆದಿಡಿ. ಮೊದಲ ವಾರ ಇಳಿಯುವುದು ಹೆಚ್ಚಾಗಿ ನೀರು, ಸಂಭ್ರಮ ಬೇಡ. ಮುಟ್ಟಿನ ಹತ್ತಿರ ನೀರು ನಿಂತು ಏರುತ್ತದೆ, ಬೇಸರವೂ ಬೇಡ. ನಾಲ್ಕು ವಾರ ಕಳೆದರೂ ಅಲ್ಲಾಡದಿದ್ದರೆ ಮೊದಲು ಚಹಾ, ಹಪ್ಪಳ ಬರೆದಿದ್ದೀರಾ ನೋಡಿ. ಬರೆದಿದ್ದರೆ ಆಗ 100 ಇಳಿಸಿ. ತೂಕ ಇಳಿದಂತೆ ಖರ್ಚೂ ಇಳಿಯುತ್ತದೆ. 5 ಕೆ.ಜಿ. ಇಳಿದ ಮೇಲೆ ಹೊಸದಾಗಿ ಲೆಕ್ಕ ಹಾಕಿ.

1450 ತಿಂದೂ ತಲೆನೋವು, ಸುಸ್ತು ಹೋಗದಿದ್ದರೆ ಹತ್ತಿರದ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ನೋಡಿಸಿ.

ಪ್ರಶ್ನೆ: ಮಂಜೇಶ್ವರದವನು, 56 ವರ್ಷ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ಇದೆ. ಗೆಳೆಯ ದಿನಕ್ಕೆ 800 ಕ್ಯಾಲರಿ ತಿಂದು ಇಳಿದಿದ್ದಾನೆ. ನಾನೂ ಶುರು ಮಾಡಲಾ?

ಉತ್ತರ: ನಿಮ್ಮಷ್ಟಕ್ಕೆ ಬೇಡ. ನೀವು ಊಟ ಮಾಡಿ, ಬಿಡಿ, ಗ್ಲಿಮೆಪಿರೈಡ್ ಇನ್ಸುಲಿನ್ ಹೊರಡಿಸಿಯೇ ಹೊರಡಿಸುತ್ತದೆ. ಊಟ ಅರ್ಧ, ಮಾತ್ರೆ ಪೂರ್ತಿ ಅಂತಾದರೆ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ತಲೆ ತಿರುಗುವುದು ಶುರುವಾದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಬೇಕು. ಬ್ರಿಟನ್ನಿನಲ್ಲಿ ಡೈರೆಕ್ಟ್ ಎಂಬ ಅಧ್ಯಯನ ನಡೆದಿತ್ತು, 2017ರಲ್ಲಿ ಪ್ರಕಟವಾಯಿತು. ದಿನಕ್ಕೆ 850 ಕ್ಯಾಲರಿಯ ಆಸುಪಾಸಿನಲ್ಲಿ ಕೆಲವು ತಿಂಗಳು ಇಟ್ಟರು. ವರ್ಷದ ಕೊನೆಗೆ ಹತ್ತಿರ ಹತ್ತಿರ ಅರ್ಧ ಜನರ ಸಕ್ಕರೆ ಮಾತ್ರೆ ಇಲ್ಲದೆಯೇ ಹತೋಟಿಗೆ ಬಂದಿತ್ತು. ಆದರೆ ಅವರ ಸಕ್ಕರೆ ಮಾತ್ರೆ, ಬಿ.ಪಿ. ಮಾತ್ರೆಗಳನ್ನು ಮೊದಲ ದಿನವೇ ನಿಲ್ಲಿಸಿ, ಮೇಲಿಂದ ಮೇಲೆ ತಪಾಸಣೆ ಮಾಡುತ್ತಿದ್ದರು. ಕಾಯಿಲೆ ಬಂದು ಆರು ವರ್ಷದ ಒಳಗಿನವರು ಅವರು, ಯಾರೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರಲಿಲ್ಲ. ನಿಮ್ಮ ಡಾಕ್ಟರ ಹತ್ತಿರ ಈ ಆಸೆ ಹೇಳಿ. ಮಾತ್ರೆ ಹೊಂದಿಸಿ ಅವರೇ ದಾರಿ ತೋರಿಸಲಿ. ಅಲ್ಲಿಯವರೆಗೆ ಮೇಲಿನ ಲೆಕ್ಕದಂತೆ 300ರಿಂದ 400 ಕಡಿಮೆ ಮಾಡುವುದಾದರೂ ಅವರಿಗೆ ತಿಳಿಸಿಯೇ ಮಾಡಿ.

ಪ್ರಶ್ನೆ: ಕುಂಬಳೆಯಿಂದ. ಹೆರಿಗೆಯಾಗಿ ನಾಲ್ಕು ತಿಂಗಳು, ಮಗುವಿಗೆ ಎದೆಹಾಲು ಮಾತ್ರ. 12 ಕೆ.ಜಿ. ಜಾಸ್ತಿ ಇದ್ದೇನೆ. ಈಗಲೇ ಡಯಟ್ ಮಾಡಬಹುದಾ?

ಉತ್ತರ: ಕ್ಯಾಲರಿ ಎಣಿಸುವುದು ಈಗ ಬೇಡ. ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ 600 ಕ್ಯಾಲರಿ ಹೆಚ್ಚು ಬೇಕು ಅನ್ನುವುದು ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಕೊಟ್ಟ ಲೆಕ್ಕ. ಅದರಲ್ಲಿ ಒಂದು ಪಾಲನ್ನು ಮೈಯ ಕೊಬ್ಬೇ ಕೊಡುತ್ತದೆ, ತೂಕ ನಿಧಾನಕ್ಕೆ ಇಳಿಯುತ್ತದೆ. ಒಂದು ಮಾತು ಮಾತ್ರ ಅಮ್ಮನಿಗೆ ಹೇಳಿ: ತುಪ್ಪ, ಬೆಲ್ಲದ ಬಾಣಂತಿ ಲೇಹ್ಯ ಚಮಚದಲ್ಲಿ ಸಾಕು, ಉಂಡೆಯಲ್ಲಿ ಬೇಡ. ಡಾಕ್ಟರು ಒಪ್ಪಿದರೆ ಸಂಜೆ ಅರ್ಧ ಗಂಟೆ ನಡೆಯಿರಿ. ಮಗು ಗಂಜಿ, ರಾಗಿ ಮಣ್ಣಿ ತಿನ್ನಲು ಶುರು ಮಾಡಿದ ಮೇಲೆ ಬರೆಯಿರಿ. ವಯಸ್ಸು, ಎತ್ತರ, ತೂಕ ಮೂರನ್ನೂ ಹಾಕಿ.