ತಮ್ಮನ ಕಣ್ಣಿಗೆ ಹಗಲಲ್ಲೂ ಆಟದ ನಕ್ಷೆ ಕಾಣುತ್ತದಂತೆ, ಏನು ಮಾಡಲಿ?

ಪ್ರಶ್ನೆ: ನಾನು ರಾಣೆಬೆನ್ನೂರಿನವಳು, 27 ವರ್ಷ. ತಮ್ಮನಿಗೆ 20. ಹುಬ್ಬಳ್ಳಿಯಲ್ಲಿ ಗೆಳೆಯರ ಜೊತೆ ರೂಮು ಮಾಡಿಕೊಂಡು ಬಿ.ಇ. ಓದುತ್ತಿದ್ದಾನೆ. ನಾಲ್ಕು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಕ್ವೆಸ್ಟ್ 2 ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡರೆ ಆಟದೊಳಗೇ ಇದ್ದಂತೆ ಕಾಣುವ ಯಂತ್ರ) ತಗೊಂಡ. ರಾತ್ರಿ ಹಾಕಿಕೊಂಡು ಕೂತರೆ ನಾಲ್ಕೈದು ಗಂಟೆ ಏಳುವುದಿಲ್ಲ. ಹಬ್ಬಕ್ಕೆ ಬಂದಿದ್ದಾಗ ಅಡುಗೆಮನೆಯ ಗೂಡಿನಲ್ಲಿದ್ದ ಲೋಟಕ್ಕೆ ಬಾಗಿಲಲ್ಲೇ ನಿಂತು ಕೈ ಚಾಚಿ ಬೆರಳು ಮಡಚಿದ, ಆಮೇಲೆ ತಾನೇ ನಕ್ಕ. ಕಣ್ಣಂಚಿನಲ್ಲಿ ಆಟದ ಸಣ್ಣ ನಕ್ಷೆ ಕಾಣುತ್ತದಂತೆ. ಮಲಗುವಾಗ ಬಂದೂಕಿಗೆ ಗುಂಡು ತುಂಬುವ ಸದ್ದು ಕೇಳುತ್ತದಂತೆ. ಒಮ್ಮೆ ಕೈ ತೊಳೆಯುತ್ತಾ, ‘ಈ ಕೈ ನಂದಲ್ಲ ಅನಸ್ತೈತಿ’ ಅಂದ. ರಾತ್ರಿ ಆಟ ಮುಗಿಸಿ ಚಹಾಕ್ಕೆ ಹೊರಟಾಗ ಬೈಕಿನಿಂದ ಬಿದ್ದು ಮೊಣಕಾಲು ತರಚಿಕೊಂಡಿದ್ದಾನೆ. ಅಪ್ಪ ಅದನ್ನು ಒಡೆದು ಹಾಕುತ್ತೇನೆ ಅನ್ನುತ್ತಾರೆ, ಅವ್ವ ತಾಯಿತ ಕಟ್ಟಿಸೋಣ ಅನ್ನುತ್ತಾಳೆ. ಇವನಿಗೆ ಹುಚ್ಚು ಹಿಡಿಯುತ್ತಿದೆಯೇ? ಕಾಲೇಜಿನವರಿಗೆ ತಿಳಿಸಬೇಕೇ? ಹೇಳಲು ಮರೆತೆ, ಹೋದ ವಾರ ಫೋನಿನಲ್ಲಿ, ‘ಆಟದೊಳಗಿನ ಮಂದಿಗೆ ನಾ ಯಾರು ಅಂತ ಗೊತ್ತಾಗೈತಿ’ ಅಂದ.

ಉತ್ತರ: ನೀವು ಹೆದರಿಕೊಂಡು ಬರೆದ ಸಂಗತಿಗಳಲ್ಲಿ ಹೆಚ್ಚಿನವು ನಮಗೆ ಹೆದರಿಕೆ ಹುಟ್ಟಿಸಲಿಲ್ಲ. ಮರೆತು ಕೊನೆಗೆ ಸೇರಿಸಿದ ಒಂದು ಸಾಲು ಮಾತ್ರ ನಮ್ಮನ್ನು ತಡೆದು ನಿಲ್ಲಿಸಿತು. ಅದಕ್ಕೆ ಆಮೇಲೆ ಬರುತ್ತೇವೆ.

ಮೊದಲು ಲೋಟದ ವಿಷಯ. ವಿಆರ್ ಆಟಗಳಲ್ಲಿ ದೂರದ ವಸ್ತುವಿನತ್ತ ಕೈ ಚಾಚಿ ಕಂಟ್ರೋಲರಿನ ಗುಂಡಿ ಅದುಮಿದರೆ ಅದು ಹಾರಿಬಂದು ಕೈ ಸೇರುತ್ತದೆ. ರಾತ್ರಿಗೆ ನೂರಾರು ಸಲ ಇದನ್ನೇ ಮಾಡಿದ ಕೈ, ಅಡುಗೆಮನೆಯಲ್ಲೂ ಮಾಡಿತು. ಜಾತ್ರೆಯ ತೊಟ್ಟಿಲಿನಿಂದ ಇಳಿದ ಮೇಲೂ ಸ್ವಲ್ಪ ಹೊತ್ತು ನೆಲ ತೂಗುತ್ತದಲ್ಲ, ಹಾಗೆ. ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದ ಆಂಜೆಲಿಕಾ ಒರ್ಟಿಜ್ ಡಿ ಗೊರ್ಟಾರಿ ಮತ್ತು ಮಾರ್ಕ್ ಗ್ರಿಫಿತ್ಸ್ 2011ರಲ್ಲಿ 42 ಆಟಗಾರರ ಸಂದರ್ಶನ ಮಾಡಿ, ಇದಕ್ಕೆ ‘ಗೇಮ್ ಟ್ರಾನ್ಸ್‌ಫರ್ ಫಿನಾಮಿನಾ’ ಎಂದು ಹೆಸರಿಟ್ಟರು. ಅವರಲ್ಲೊಬ್ಬ ಹುಡುಗನ ಕೈಯಿಂದ ಬೆಣ್ಣೆ ಸವರಿದ ಬ್ರೆಡ್ಡು ಜಾರಿದಾಗ, ಆಟದಲ್ಲಿ ಕಾಲವನ್ನು ಹಿಂದಕ್ಕೆ ತಿರುಗಿಸುವ ಗುಂಡಿಯನ್ನು ಒತ್ತಲು ಅವನ ಬೆರಳು ಮಿಡಿದಿತ್ತು. ಅದೂ ಮಾಮೂಲಿ ಆಟ. ಹೆಡ್‌ಸೆಟ್ಟೂ ಇರಲಿಲ್ಲ.

ನಿದ್ದೆ ಹತ್ತುವ ಹೊತ್ತಿನಲ್ಲಿ ಕೇಳುವ ಸದ್ದೂ ಇದೇ ಜಾತಿಯದು. ಹಾರ್ವರ್ಡ್‌ನ ರಾಬರ್ಟ್ ಸ್ಟಿಕ್‌ಗೋಲ್ಡ್ ತಂಡ 2000ದಲ್ಲಿ 27 ಜನರಿಗೆ ಟೆಟ್ರಿಸ್ ಎಂಬ, ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಜೋಡಿಸುವ ಆಟ ಆಡಿಸಿತು. ಅವರಲ್ಲಿ 17 ಜನ ಕಣ್ಣು ಮುಚ್ಚುತ್ತಿದ್ದಂತೆ ಇಟ್ಟಿಗೆಗಳು ಬೀಳುವುದನ್ನು ಕಂಡರು. ಆ 27ರಲ್ಲಿ ಐವರು ಮಿದುಳಿಗೆ ಪೆಟ್ಟಾಗಿ ಹೊಸ ನೆನಪು ಉಳಿಯದವರು. ಆಟ ಆಡಿದ್ದೇ ಅವರಿಗೆ ನೆನಪಿಲ್ಲ. ಆದರೂ ಮೂವರಿಗೆ ಅದೇ ಚಿತ್ರ ಕಂಡಿತು! ಅಂದಮೇಲೆ ಇದು ನಿಮ್ಮ ತಮ್ಮನ ಮನಸ್ಸಿನ ದೌರ್ಬಲ್ಯವೇನೂ ಅಲ್ಲ. ಹಗಲಿಡೀ ಅಥವಾ ರಾತ್ರಿಯಿಡೀ ಮಾಡಿದ ಕೆಲಸವನ್ನು ಮಿದುಳು ಹೀಗೆ ಮೆಲುಕು ಹಾಕುತ್ತದೆ.

‘ಈ ಕೈ ನಂದಲ್ಲ’ ಅನ್ನುವುದು ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಇದಕ್ಕೆ ಹೆಡ್‌ಸೆಟ್ಟಿನ ರಚನೆಯಲ್ಲೇ ಕಾರಣವಿದೆ. ಆಟದೊಳಗಿನ ಕೈ ಗೋಡೆಯನ್ನು ದಾಟಿ ಹೋದರೂ ಏನೂ ತಾಗುವುದಿಲ್ಲ, ಏನು ಎತ್ತಿದರೂ ಭಾರವಿಲ್ಲ. ಕಣ್ಣು ‘ಮುಟ್ಟಿದೆ’ ಅನ್ನುತ್ತದೆ, ಚರ್ಮ ‘ಇಲ್ಲ’ ಅನ್ನುತ್ತದೆ. ಜೊತೆಗೆ ಮಸೂರಗಳು ಕಣ್ಣಿನ ಫೋಕಸನ್ನು ಒಂದೇ ದೂರದಲ್ಲಿ ನಿಲ್ಲಿಸುತ್ತವೆ. ಹತ್ತಿರದ ವಸ್ತು ನೋಡುವಾಗ ಎರಡೂ ಕಣ್ಣು ಒಳಕ್ಕೆ ತಿರುಗಿದರೂ ಫೋಕಸ್ ಬದಲಾಗುವುದಿಲ್ಲ. ಗಂಟೆಗಟ್ಟಲೆ ಇದಕ್ಕೆ ಒಗ್ಗಿಕೊಂಡು ಹೊರಬಂದಾಗ ಕೋಣೆ ಚಪ್ಪಟೆ ಚಿತ್ರದಂತೆ, ಸ್ವಂತ ಕೈ ಬೇರೆಯವರದಂತೆ ಕಾಣಬಹುದು. ಮಾಂಟ್ರಿಯಲ್‌ನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತರಿಗೂ ವಿಆರ್ ನಂತರ ಇಂಥ ‘ಬೇರ್ಪಟ್ಟ’ ಭಾವ ಹೆಚ್ಚಿತ್ತು. ಮೊದಲಿನಿಂದ ಆ ಸ್ವಭಾವ ಇದ್ದವರಿಗೆ ಇನ್ನೂ ಹೆಚ್ಚು. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಇಳಿಯುವ ಮೊದಲೇ ಬೈಕ್ ಹತ್ತಿದ್ದು ತಪ್ಪು. ನಿಮ್ಮ ಪತ್ರದಲ್ಲಿ ಮೈಗೆ ನಿಜವಾದ ಅಪಾಯ ತಂದದ್ದು ಅದೊಂದೇ, ಅದಕ್ಕೆ ನೀವು ಕೊಟ್ಟಿದ್ದು ಒಂದೇ ಸಾಲು!

ಹಾಗಾದರೆ ಯಾವಾಗ ಹೆದರಬೇಕು? ಎಷ್ಟು ಗಂಟೆ ಆಡಿದ, ಏನು ಕಂಡ ಎನ್ನುವುದಕ್ಕಿಂತ, ಕಂಡದ್ದರ ಬಗ್ಗೆ ಅವನಿಗೇ ಅನುಮಾನವಿದೆಯೇ ಎಂಬುದನ್ನು ನೋಡಿ. ಲೋಟಕ್ಕೆ ಕೈ ಚಾಚಿ ನಕ್ಕ. ‘ನಂದಲ್ಲ ಅನಸ್ತೈತಿ’ ಅಂದ, ‘ನಂದಲ್ಲ’ ಅನ್ನಲಿಲ್ಲ. ಎರಡು ಕಡೆಯೂ ಯಾವುದು ಆಟ, ಯಾವುದು ಮನೆ ಎಂಬ ಗೆರೆ ಅವನಿಗೆ ಗೊತ್ತಿದೆ. ಆ ಗೆರೆ ಅಳಿಸಿಹೋದಾಗ ಮನುಷ್ಯ ನಗುವುದಿಲ್ಲ, ವಾದಿಸುತ್ತಾನೆ. ಕಿಟಕಿಗೆ ಪರದೆ ಎಳೆಯುತ್ತಾನೆ, ಫೋನಿನ ಕ್ಯಾಮೆರಾಕ್ಕೆ ಟೇಪ್ ಅಂಟಿಸುತ್ತಾನೆ, ಊಟದಲ್ಲಿ ಏನೋ ಬೆರೆಸಿದ್ದಾರೆ ಅನ್ನುತ್ತಾನೆ. ಹೀಗೆ ನಿಜ ಮತ್ತು ಭ್ರಮೆಯ ನಡುವಿನ ಗೆರೆ ಅಳಿಸುವ ಸೈಕೋಸಿಸ್ ಎನ್ನುವ ಕಾಯಿಲೆ ಮೊದಲ ಸಲ ತಲೆ ಎತ್ತುವುದು ಬಹಳಷ್ಟು ಜನರಲ್ಲಿ ಹದಿಹರೆಯದ ಕೊನೆಯಿಂದ ಇಪ್ಪತ್ತರ ದಶಕದೊಳಗೆ. ಅದೇ ವಯಸ್ಸಿನಲ್ಲಿ ಹುಡುಗರು ಆಟಕ್ಕೂ ಅಂಟಿಕೊಳ್ಳುವುದರಿಂದ ಮನೆಯವರು ಎಲ್ಲದಕ್ಕೂ ಆಟವನ್ನೇ ದೂರಿ, ಚಿಕಿತ್ಸೆಗೆ ತಿಂಗಳುಗಟ್ಟಲೆ ತಡಮಾಡುತ್ತಾರೆ. ತಡವಾದಷ್ಟೂ ಗುಣವಾಗುವುದು ಕಷ್ಟ.

ಈಗ ಆ ಕೊನೆಯ ಸಾಲಿಗೆ ಬರೋಣ. ‘ಆಟದೊಳಗಿನ ಮಂದಿಗೆ ನಾ ಯಾರು ಅಂತ ಗೊತ್ತಾಗೈತಿ.’ ಇದನ್ನು ಭ್ರಮೆ ಎಂದು ಬರೆದುಕೊಳ್ಳುವ ಮುಂಚೆ, ನಿಜವೇ ಇರಬಹುದೇ ನೋಡಿ. ವಿಆರ್‌ನ ಆನ್‌ಲೈನ್ ಆಟಗಳಲ್ಲಿ ಎದುರಿಗಿರುವವರು ಜೀವಂತ ಮನುಷ್ಯರು, ಮೈಕಿನಲ್ಲಿ ಮಾತಾಡುತ್ತಾರೆ. ಯೂಸರ್‌ನೇಮ್‌ನಲ್ಲಿ ಸ್ವಂತ ಹೆಸರೋ ಕಾಲೇಜಿನ ಹೆಸರೋ ಇದ್ದರೆ, ಪ್ರೊಫೈಲ್ ಎಲ್ಲರಿಗೂ ಕಾಣುವಂತಿದ್ದರೆ, ಯಾರೋ ಇವನ ಇನ್‌ಸ್ಟಾಗ್ರಾಂ ಹುಡುಕಿ ಕಾಡುತ್ತಿರಬಹುದು. ಹಾಗಿದ್ದರೆ ಅದು ಸೈಬರ್ ಕಿರುಕುಳ. ಬ್ಲಾಕ್ ಮಾಡಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ದೂರು ಕೊಡುವ ವಿಷಯ. ಆದರೆ ಮೈಕ್ ಇಲ್ಲದ, ಒಬ್ಬನೇ ಆಡುವ ಆಟದ ಪಾತ್ರಗಳು ತನ್ನನ್ನು ಗುರುತಿಸುತ್ತವೆ, ತನಗೆಂದೇ ಸಂಜ್ಞೆ ಕಳಿಸುತ್ತವೆ ಎಂದು ಅವನು ಹೇಳಿದರೆ ವೈದ್ಯರ ಭೇಟಿ ಅದೇ ವಾರ ಆಗಬೇಕು.

ಕೇಳುವುದು ಹೇಗೆ? ಫೋನಿನಲ್ಲಿ ಬೇಡ, ಅಪ್ಪ ಅವ್ವನ ಎದುರಿಗೂ ಬೇಡ. ನೀವೇ ಹುಬ್ಬಳ್ಳಿಗೆ ಹೋಗಿ, ಊಟಕ್ಕೆ ಕರೆದುಕೊಂಡು ಹೋಗಿ, ಎದುರುಬದರು ಕೂರುವ ಬದಲು ಪಕ್ಕದಲ್ಲಿ ನಡೆಯುತ್ತಾ ಕೇಳಿ: ‘ಅದು ಕಂಡಾಗ ನಿನಗ ಏನ್ ಅನಸ್ತೈತಿ? ಆಟದ್ದು ಕಣ್ಣಾಗ ಉಳಕೊಂಡೈತಿ ಅಂತನೋ, ಖರೇನ ಅಲ್ಲಿ ಐತಿ ಅಂತನೋ?’ ಎರಡನೆಯ ಪ್ರಶ್ನೆ: ‘ಯಾರರ ಏನರ ಮಾಡು ಅಂತ ಹೇಳ್ತಾರೇನು?’ ಮೂರನೆಯದು ನಿದ್ದೆ ಎಷ್ಟು ಎಂದು. ಉತ್ತರ ಏನೇ ಬರಲಿ ‘ಹುಚ್ಚಪ್ಪ, ಅವೆಲ್ಲ ಸುಳ್ಳು’ ಅನ್ನಬೇಡಿ, ಮತ್ತೆಂದೂ ಬಾಯಿ ಬಿಡುವುದಿಲ್ಲ. ‘ಹೌದೌದು’ ಎಂದು ತಾಳವನ್ನೂ ಹಾಕಬೇಡಿ. ಇಂಗ್ಲೆಂಡಿನಲ್ಲಿ 2021ರ ಕ್ರಿಸ್‌ಮಸ್ ದಿನ 19 ವರ್ಷದ ಯುವಕನೊಬ್ಬ ರಾಣಿಯನ್ನು ಕೊಲ್ಲಲೆಂದು ಕ್ರಾಸ್‌ಬೋ (ಬಾಣ ಹಾರಿಸುವ ಆಯುಧ) ಹಿಡಿದು ವಿಂಡ್ಸರ್ ಅರಮನೆಯ ಆವರಣದೊಳಗೆ ನುಗ್ಗಿದ. ತಾನೊಂದು ವೈಜ್ಞಾನಿಕ ಸಿನಿಮಾದ ಖಳಯೋಧ ಎಂಬ ಕಲ್ಪನೆ ಅವನದು. ಅದಕ್ಕೂ ಮುಂಚೆ ರೆಪ್ಲಿಕಾ ಎಂಬ ಚಾಟ್‌ಬಾಟ್ ‘ಗೆಳತಿ’ಯೊಂದಿಗೆ ಸಾವಿರಾರು ಸಂದೇಶ ಹಂಚಿಕೊಂಡಿದ್ದ, ಅದು ಅವನ ಯೋಜನೆಗೂ ಹುರಿದುಂಬಿಸಿತ್ತು. 2023ರಲ್ಲಿ 9 ವರ್ಷ ಶಿಕ್ಷೆಯಾಯಿತು. ಆಗ ಅವನು ಸೈಕೋಸಿಸ್‌ನಲ್ಲಿದ್ದ ಎಂಬುದನ್ನು ನ್ಯಾಯಾಧೀಶರೂ ಒಪ್ಪಿದರು. ನಿಮ್ಮ ತಮ್ಮ ಹಾಗಾಗುತ್ತಾನೆಂದು ಇದನ್ನು ಹೇಳುತ್ತಿಲ್ಲ. ರಾತ್ರಿ ಹೊತ್ತು ಇಂಥ ಆ್ಯಪ್‌ಗಳ ಜೊತೆ ಮಾತಾಡುತ್ತಾನೆಯೇ ಎಂದು ಕೇಳಲು ಮರೆಯಬೇಡಿ. ನೀವು ಹೇಳಬೇಕಾದದ್ದು ಇಷ್ಟೇ: ‘ನನಗ ಅದು ಕಾಣೂದಿಲ್ಲ, ಆದ್ರ ನಿನಗ ಅಂಜಿಕಿ ಆಗೇತಿ ಅಂತ ಗೊತ್ತಾತು.’

ಗಾಂಜಾ, ಕೆಮ್ಮಿನ ಸಿರಪ್, ದಿನಕ್ಕೆ ಮೂರು ನಾಲ್ಕು ಎನರ್ಜಿ ಡ್ರಿಂಕ್, ಇವನ್ನೂ ಕೇಳಿ. ಗದರಿಸದೆ ಕೇಳಿ. ಒಂದೆರಡು ದಿನ ಪೂರ್ತಿ ನಿದ್ದೆಗೆಟ್ಟರೆ ಆಟವನ್ನೇ ಆಡದವರಿಗೂ ಇಲ್ಲದ್ದು ಕಾಣತೊಡಗುತ್ತದೆ.

ಗೆರೆ ಗಟ್ಟಿಯಾಗಿದೆ ಎಂದು ಖಾತ್ರಿಯಾದರೆ ಮುಂದಿನದು ಮನೆಮಟ್ಟದ ಕೆಲಸ. ಮೊದಲ ಏಳು ದಿನ ಹೆಡ್‌ಸೆಟ್ಟು ಸಂಪೂರ್ಣ ಬಂದ್. ಅಪ್ಪ ಒಡೆಯುವುದು ಬೇಡ, ತಮ್ಮನೇ ನಿಮ್ಮ ಕೈಗೆ ಕೊಡಲಿ, ಎಂಟನೆಯ ದಿನ ವಾಪಸು ಕೊಡುತ್ತೇನೆ ಎಂದು ಮಾತು ಕೊಟ್ಟು, ಹಾಗೇ ಕೊಡಿ. ಕಸಿದುಕೊಂಡರೆ ಗೆಳೆಯನ ರೂಮಿನಲ್ಲಿ ಆಡುತ್ತಾನೆ, ನಿಮಗೆ ಲೆಕ್ಕವೂ ಸಿಗುವುದಿಲ್ಲ. ಈ ವಾರ ದಿನವೂ ಮಲಗಿದ ಹೊತ್ತು, ಎದ್ದ ಹೊತ್ತು, ಏನಾದರೂ ಕಂಡದ್ದು ಕೇಳಿದ್ದು ಮತ್ತು ಅದು ಎಷ್ಟು ನಿಮಿಷ ಇತ್ತು ಎಂದು ಅವನೇ ಬರೆಯಲಿ. ದಿನದಿಂದ ದಿನಕ್ಕೆ ಕಡಿಮೆಯಾದರೆ ಆಟದ ಉಳಿಕೆ. ಹೆಡ್‌ಸೆಟ್ ಮುಟ್ಟದೆಯೂ ಆ ಏಳು ದಿನ ಹಾಗೇ ಉಳಿದರೆ ವೈದ್ಯರಿಗೆ ತೋರಿಸಿ.

ವಾಪಸು ಕೊಡುವಾಗ ಯಂತ್ರವನ್ನೂ ಸರಿಮಾಡಿ. ಸೆಕೆಂಡ್ ಹ್ಯಾಂಡ್ ಸೆಟ್ಟುಗಳಲ್ಲಿ ಹಳೆಯ ಮಾಲೀಕನ ಅಳತೆಯೇ ಉಳಿದಿರಬಹುದು. ಕ್ವೆಸ್ಟ್ 2ರ ಮಸೂರಗಳನ್ನು ಕೈಯಿಂದ ಸರಿಸಿದರೆ ಮೂರು ಕಡೆ ನಿಲ್ಲುತ್ತವೆ: 58, 63, 68 ಮಿ.ಮೀ. ಒಂದು ಪಾಪೆಯ ನಡುವಿನಿಂದ ಇನ್ನೊಂದರ ನಡುವಿಗೆ ಇರುವ ದೂರವನ್ನು ಕನ್ನಡಕದ ಅಂಗಡಿಯಲ್ಲಿ ಎರಡು ನಿಮಿಷದಲ್ಲಿ ಅಳೆದು ಕೊಡುತ್ತಾರೆ. 61ರ ಒಳಗಿದ್ದರೆ ಮೊದಲನೆಯದು, 66ರವರೆಗೆ ಎರಡನೆಯದು, ಅದಕ್ಕಿಂತ ಹೆಚ್ಚಾದರೆ ಮೂರನೆಯದು. ಇದು ತಪ್ಪಿದ್ದರೆ ಒಳಗಿನ ವಸ್ತುಗಳ ಗಾತ್ರ, ದೂರ ಎಲ್ಲ ಏರುಪೇರಾಗಿ, ತಲೆನೋವಿನ ಜೊತೆ ಹೊರಬಂದಾಗಿನ ವಿಚಿತ್ರಭಾವವೂ ಹೆಚ್ಚುತ್ತದೆ. ನೆಲದ ಎತ್ತರವನ್ನು ಹೊಸದಾಗಿ ಗುರುತಿಸಿ, ಇಲ್ಲವಾದರೆ ಅವನು ಆಟದುದ್ದಕ್ಕೂ ತನ್ನ ಎತ್ತರಕ್ಕಿಂತ ಅರ್ಧ ಅಡಿ ಕುಳ್ಳನಾಗಿಯೋ ಉದ್ದನಾಗಿಯೋ ಇರುತ್ತಾನೆ. ಸೆಟ್ಟಿಂಗ್ಸ್‌ನಲ್ಲಿ ಡಬಲ್ ಟ್ಯಾಪ್ ಪಾಸ್‌ಥ್ರೂ ಆನ್ ಮಾಡಿದರೆ, ಹೆಡ್‌ಸೆಟ್ಟಿನ ಪಕ್ಕಕ್ಕೆ ಎರಡು ಸಲ ತಟ್ಟಿದಾಗ ಸುತ್ತಲಿನ ಕೋಣೆ ಕಪ್ಪುಬಿಳುಪಾಗಿ ಕಾಣುತ್ತದೆ. ಹತ್ತು ನಿಮಿಷಕ್ಕೊಮ್ಮೆ ತಟ್ಟುವುದು ಅಭ್ಯಾಸವಾಗಲಿ.

ಇನ್ನೊಂದು. ಅದರ ಬ್ಯಾಟರಿ ಎರಡರಿಂದ ಮೂರು ಗಂಟೆ ಬಂದರೆ ಹೆಚ್ಚು. ಒಂದೇ ಸಮನೆ ನಾಲ್ಕೈದು ಗಂಟೆ ಆಡುತ್ತಾನೆಂದರೆ ಪವರ್ ಬ್ಯಾಂಕೋ ಚಾರ್ಜರೋ ಸಿಕ್ಕಿಸಿಕೊಂಡೇ ಕೂರುತ್ತಾನೆ ಅಂತಲೇ ಅರ್ಥ. ಪವರ್ ಬ್ಯಾಂಕ್ ಇದ್ದರೆ, ಹೆಡ್‌ಸೆಟ್ಟಿಗಿಂತ ಮೊದಲು ಅದನ್ನು ನೀವು ಊರಿಗೆ ತಗೊಂಡು ಬನ್ನಿ. ಶುರುವಿಗೆ ದಿನಕ್ಕೆ 30 ನಿಮಿಷ, ಎರಡು ವಾರ ತೊಂದರೆಯಿಲ್ಲದಿದ್ದರೆ ಒಂದು ಗಂಟೆ, ನಡುವೆ ಹತ್ತು ನಿಮಿಷದ ವಿರಾಮ. ಮಲಗುವ ಎರಡು ಗಂಟೆ ಮುಂಚೆ ಮುಗಿಯಬೇಕು.

ತೆಗೆದಮೇಲೆ ಬರಿಗಾಲಲ್ಲಿ ನೆಲದ ಮೇಲೆ ನಿಂತು, ತಣ್ಣೀರಲ್ಲಿ ಮೊಣಕೈವರೆಗೆ ತೊಳೆದುಕೊಳ್ಳಲಿ. ಆಮೇಲೆ ಭಾರವಿರುವ, ಕೈಗೆ ತಾಗುವ ಕೆಲಸ: ಕೊಡದಲ್ಲಿ ನೀರು ತುಂಬುವುದು, ಪಾತ್ರೆ ತಿಕ್ಕುವುದು. ಚರ್ಮ, ಸ್ನಾಯು, ಕಣ್ಣು ಮೂರೂ ಒಂದೇ ಸುದ್ದಿ ಹೇಳತೊಡಗಿದಾಗ ಕೈ ಮತ್ತೆ ತನ್ನದಾಗುತ್ತದೆ. ಕಿಟಕಿಯಲ್ಲಿ ದೂರದ ಮರವನ್ನೂ ಹತ್ತಿರದ ಬೆರಳನ್ನೂ ಬದಲಿಸಿ ಬದಲಿಸಿ ನೋಡಿದರೆ ಫೋಕಸ್ ಹಳಿಗೆ ಬರುತ್ತದೆ. ನೇರವಾಗಿ ಮೊಬೈಲ್ ಹಿಡಿದರೆ ಇದ್ಯಾವುದೂ ಆಗದು. ಬೈಕಿನ ಕೀಲಿ ಕನಿಷ್ಠ ಅರ್ಧ ಗಂಟೆ ರೂಮ್‌ಮೇಟ್ ಹತ್ತಿರ ಇರಲಿ, ತಲೆ ತೂಗುತ್ತಿದ್ದರೆ ಇನ್ನೂ ಹೆಚ್ಚು ಹೊತ್ತು.

ತಾಯಿತದ ಬಗ್ಗೆ ಅವ್ವನ ಜೊತೆ ಜಗಳ ಬೇಡ. ಕಟ್ಟಲಿ, ಆದರೆ ವೈದ್ಯರ ಭೇಟಿ ಬೇಕು ಅನ್ನಿಸಿದಾಗ ಅದರ ಹೆಸರಲ್ಲಿ ಒಂದು ದಿನವೂ ಮುಂದೆ ಹೋಗಬಾರದು. ಹುಬ್ಬಳ್ಳಿಯಿಂದ ಧಾರವಾಡದ ಡಿಮ್ಹಾನ್ಸ್ (ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ) ಹತ್ತಿರವೇ ಇದೆ. ರಾಣೆಬೆನ್ನೂರಲ್ಲೇ ಇದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ನೋಡುವ ಮನೋಚೈತನ್ಯ ಕ್ಲಿನಿಕ್ ಯಾವ ಮಂಗಳವಾರ ಎಂದು ವಿಚಾರಿಸಿ. ಆಟ ಬಿಡಲಾಗದ್ದೇ ಮುಖ್ಯ ತೊಂದರೆಯಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಅದಕ್ಕೆಂದೇ ಶಟ್ ಕ್ಲಿನಿಕ್ ಇದೆ. ಯಾರನ್ನೂ ನೋಡುವ ಮುಂಚೆ ಮಾತಾಡಬೇಕೆಂದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲುರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಎದುರು ‘ಗೇಮ್ ಹುಚ್ಚು’ ಎಂದಷ್ಟೇ ಹೇಳಿದರೆ ಅವರಿಗೆ ಏನೂ ಸಿಗುವುದಿಲ್ಲ. ಆ ಏಳು ದಿನದ ಹಾಳೆ, ತಗೊಳ್ಳುವ ಮಾತ್ರೆಗಳು, ಮನೆತನದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಅಥವಾ ಮೂರ್ಛೆರೋಗ ಇತ್ತೇ ಎಂಬ ಮಾಹಿತಿ ಒಯ್ಯಿರಿ. ಕೈಕಾಲು ಅದುರುವುದು, ಕೆಲವು ಕ್ಷಣ ಕಣ್ಣು ನೆಟ್ಟು ಮಾತು ನಿಲ್ಲುವುದು ಇದ್ದರೆ ನರರೋಗ ತಜ್ಞರಿಗೂ ತೋರಿಸಬೇಕು. ಯಾರದೋ ದನಿ ‘ಮಾಡು’ ಎಂದು ಆದೇಶ ಕೊಡುತ್ತಿದ್ದರೆ, ಸಾಯುವ ಮಾತು ಬಂದರೆ, ಮಂಗಳವಾರಕ್ಕೆ ಕಾಯದೆ ಆ ರಾತ್ರಿಯೇ ಎಮರ್ಜೆನ್ಸಿಗೆ.

ಕಾಲೇಜಿಗೆ ಈಗ ಹೇಳುವುದು ಬೇಡ. ಅವನಿಗೆ 20, ತನ್ನ ಆರೋಗ್ಯದ ವಿಷಯ ಯಾರಿಗೆ ತಿಳಿಯಬೇಕು ಎಂದು ತೀರ್ಮಾನಿಸುವವನು ಅವನು. ಚಿಕಿತ್ಸೆಗೆ ರಜೆ ಬೇಕಾಗಿ ಹಾಜರಾತಿ ತಪ್ಪಿದರೆ ವೈದ್ಯರ ಪ್ರಮಾಣಪತ್ರ ಸಾಕು, ಅದರಲ್ಲಿ ಕಾಯಿಲೆಯ ವಿವರ ಬೇಡವೆಂದು ವೈದ್ಯರಿಗೆ ಮೊದಲೇ ಹೇಳಿ. ರೂಮ್‌ಮೇಟ್‌ಗೆ ಮಾತ್ರ ವಿಷಯ ಗೊತ್ತಿರಲಿ, ಅದೂ ತಮ್ಮನ ಒಪ್ಪಿಗೆ ತಗೊಂಡು. ನಿಮ್ಮ ಫೋನ್ ನಂಬರು ರೂಮ್‌ಮೇಟ್ ಹತ್ತಿರ ಇರಬೇಕು, ಅವನದು ನಿಮ್ಮ ಹತ್ತಿರ.